ಹೊರಗಿನ ಸಸ್ಪೆನ್ಷನ್ ಹಾಕಿಸಿದರೆ ಕಾರಿನ ವಾರಂಟಿ ಪೂರ್ತಿ ಹೋಗುತ್ತಾ?

ಮೂಡಿಗೆರೆ_ಕಾಫಿ

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಂಪ್ಯಾಕ್ಟ್ ಎಸ್‌ಯುವಿ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿ), ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರ ಜೋಡಿಸುವ ತೊಲೆ). ಕಂಪನಿ ವಾರಂಟಿ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್. ಅದರಲ್ಲಿ ಅರ್ಧ ಇನ್ನೂ ಬಾಕಿ ಇದೆ.

ಮನೆಯಿಂದ ಡಾಂಬರು ರಸ್ತೆಗೆ ಬರಬೇಕಾದರೆ ತೋಟದ ಕಲ್ಲುದಾರಿಯೇ ಗತಿ. ಐದು ಜನ ಕೂತು ಡಿಕ್ಕಿಯಲ್ಲಿ ಸಾಮಾನು ತುಂಬಿದರೆ ಹಿಂಭಾಗ ಕುಸಿಯುತ್ತದೆ. ಪ್ರತಿ ಗುಂಡಿಗೂ ಬಂಪ್ ಸ್ಟಾಪ್‌ಗೆ (ಸಸ್ಪೆನ್ಷನ್ ಪೂರ್ತಿ ಕುಸಿದಾಗ ತಡೆಯುವ ರಬ್ಬರಿಗೆ) ಹೊಡೆಯುವ ಸದ್ದು ಕೇಳುತ್ತದೆ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಗಾಡಿ ಓಲಾಡುತ್ತದೆ, ಅಮ್ಮನಿಗೆ ಪ್ರತಿ ಸಲ ವಾಂತಿ.

ಬೆಂಗಳೂರಿನಲ್ಲಿ ಒಬ್ಬರು ಗಟ್ಟಿ ಸ್ಪ್ರಿಂಗ್ ಮತ್ತು ಒಳ್ಳೆಯ ಶಾಕ್ ಅಬ್ಸಾರ್ಬರ್ ಸೆಟ್ ಹಾಕಿಕೊಡುತ್ತೇನೆ ಎಂದಿದ್ದಾರೆ. ಜೊತೆಗೆ ಗಾಡಿಯನ್ನು ಒಂದೂವರೆ ಇಂಚು ಎತ್ತರಿಸಬಹುದಂತೆ. ಡೀಲರ್ ಹತ್ತಿರ ಕೇಳಿದರೆ ಸರ್ವಿಸ್ ಅಡ್ವೈಸರ್ ಒಂದೇ ಮಾತು ಹೇಳಿದರು: "ಹೊರಗಡೆ ಏನು ಹಾಕಿಸಿದ್ರೂ ಗಾಡಿ ವಾರಂಟಿ ಪೂರ್ತಿ ಕಟ್ ಆಗುತ್ತೆ ಸರ್."

ಪೂರ್ತಿ ಅಂದರೆ ಇಂಜಿನ್, ಗೇರ್‌ಬಾಕ್ಸ್, ಎಸಿ ಎಲ್ಲವೂ? ಸ್ಪ್ರಿಂಗ್‌ಗೂ ಎಸಿಗೂ ಏನು ಸಂಬಂಧ? ಹಾಕಿಸಿದವರು, ವಿಷಯ ಗೊತ್ತಿರುವವರು ದಯವಿಟ್ಟು ಹೇಳಿ.

---

ತುಮಕೂರು_ಟರ್ಬೊ

ಸುಮ್ನೆ ಹೆದರಿಸುತ್ತಾರೆ ಅಣ್ಣ. ಹಾಕಿಸಿ. ಹಳೆಯ ಸ್ಪ್ರಿಂಗ್, ಶಾಕ್ಸ್ ಎತ್ತಿಡಿ. ಕ್ಲೇಮ್ ಏನಾದರೂ ಬಂದರೆ ಹಳೆಯದನ್ನೇ ವಾಪಸ್ ಹಾಕಿಕೊಂಡು ಡೀಲರ್ ಹತ್ತಿರ ಹೋಗಿ. ಯಾರಿಗೂ ಗೊತ್ತಾಗಲ್ಲ.

---

ವರ್ಕ್‌ಶಾಪ್_ಹಳಬ

ಮೇಲಿನ ಸಲಹೆ ಬೇಡ. ನಾನು ಹಲವು ವರ್ಷ ಡೀಲರ್ ವರ್ಕ್‌ಶಾಪಿನಲ್ಲಿ ಅಡ್ವೈಸರ್ ಆಗಿದ್ದವನು. ಗೊತ್ತಾಗುತ್ತದೆ. ಸ್ಟ್ರಟ್ ಬಿಚ್ಚಿ ಹಾಕಿದ ಬೋಲ್ಟಿನ ಮೇಲೆ ಸ್ಪ್ಯಾನರ್ ಗುರುತು ಬೀಳುತ್ತದೆ. ಕೆಸರು ಮೆತ್ತಿದ ಗಾಡಿಯಲ್ಲಿ ಸ್ಪ್ರಿಂಗ್ ಮಾತ್ರ ಶುಚಿಯಾಗಿ ಕಂಡರೆ ಯಾವ ಟೆಕ್ನಿಷಿಯನ್ ಆದರೂ ಎರಡನೇ ಸಲ ನೋಡುತ್ತಾನೆ. ಹಿಂದಿನ ಸರ್ವಿಸ್‌ನ ಜಾಬ್ ಕಾರ್ಡಿನಲ್ಲಿ (ಗಾಡಿಯ ಕೆಲಸ ಬರೆಯುವ ಹಾಳೆಯಲ್ಲಿ) "ಸಸ್ಪೆನ್ಷನ್ ಬದಲಾಗಿದೆ" ಎಂದು ಯಾರಾದರೂ ಬರೆದಿದ್ದರೆ ಅದು ಕಂಪ್ಯೂಟರಿನಲ್ಲೇ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಮುಚ್ಚಿಟ್ಟು ಕ್ಲೇಮ್ ಮಾಡುವುದು ಮೋಸ. ಆಮೇಲೆ ನಿಜವಾಗಿ ನ್ಯಾಯ ನಿಮ್ಮ ಕಡೆ ಇದ್ದಾಗಲೂ ನಿಮ್ಮ ಮಾತು ಯಾರೂ ನಂಬುವುದಿಲ್ಲ.

ಈಗ ಅಡ್ವೈಸರ್ ಯಾಕೆ ಹಾಗೆ ಹೇಳುತ್ತಾರೆ ಅಂತ ಹೇಳುತ್ತೇನೆ. ವಾರಂಟಿ ಕೊಡುವುದು ಡೀಲರ್ ಅಲ್ಲ, ಕಾರು ತಯಾರಿಸಿದ ಕಂಪನಿ. ಡೀಲರ್ ಮೊದಲು ಕೆಲಸ ಮಾಡಿ, ಕೆಟ್ಟ ಭಾಗದ ಫೋಟೊ ತೆಗೆದು, ಆ ಭಾಗವನ್ನು ಎತ್ತಿಟ್ಟು, ಕಂಪನಿಗೆ ಕ್ಲೇಮ್ ಕಳಿಸುತ್ತಾನೆ. ಕಂಪನಿ ಒಪ್ಪಿದರೆ ದುಡ್ಡು ಬರುತ್ತದೆ. ಒಪ್ಪದಿದ್ದರೆ ಆ ಭಾಗದ ಬೆಲೆ, ಕೂಲಿ ಎಲ್ಲ ಡೀಲರ್ ತಲೆ ಮೇಲೆ. ಗಾಡಿಯಲ್ಲಿ ಹೊರಗಿನ ಭಾಗ ಕಂಡ ತಕ್ಷಣ ಅಡ್ವೈಸರ್ ಆ ನಷ್ಟವನ್ನೇ ಯೋಚಿಸುತ್ತಾನೆ. "ಪೂರ್ತಿ ಹೋಗುತ್ತೆ" ಅಂದುಬಿಟ್ಟರೆ ಅವನಿಗೆ ಸುರಕ್ಷಿತ.

ಹಾಗಾಗಿ ಕೌಂಟರಿನ ಮಾತನ್ನು ಕೊನೆಯ ಮಾತು ಎಂದು ತಿಳಿಯಬೇಡಿ. ಗ್ಲೋವ್ ಬಾಕ್ಸಿನಲ್ಲಿ ವಾರಂಟಿ ಪುಸ್ತಕ ಇದೆ ಅಲ್ವಾ? ಅದರಲ್ಲಿ "ವಾರಂಟಿ ಅನ್ವಯಿಸದ ಸಂದರ್ಭಗಳು" ಎಂಬ ಪುಟವನ್ನು ಓದಿ ಇಲ್ಲಿ ಹಾಕಿ.

---

ಜೆಸಿರೋಡ್_ಗ್ಯಾರೇಜ್

ಕಾನೂನು ನನಗೆ ಗೊತ್ತಿಲ್ಲ, ಗಾಡಿ ಗೊತ್ತು. ಸ್ಪ್ರಿಂಗ್ ಬದಲಾಯಿಸಿದರೆ ಏನೇನು ಹಾಳಾಗಬಹುದು ಎಂಬ ಪಟ್ಟಿ ಗೊತ್ತಿದ್ದರೆ ಯಾವ ಕ್ಲೇಮ್ ಸಿಗುತ್ತದೆ, ಯಾವುದು ಸಿಗಲ್ಲ ಎಂದು ನೀವೇ ಹೇಳಬಹುದು. ಮೂರ್ನಾಲ್ಕು ಸಂಗತಿ ಬಿಡಿಸಿ ಹೇಳುತ್ತೇನೆ.

ಮೊದಲು ಎತ್ತರಿಸುವುದು. ನಿಮ್ಮ ಗಾಡಿಯಲ್ಲಿ ಮುಂದಿನ ಡ್ರೈವ್ ಶಾಫ್ಟ್ ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುತ್ತದೆ. ಬಾಡಿ ಮೇಲೆ ಹೋದರೆ ಇಂಜಿನ್, ಗೇರ್‌ಬಾಕ್ಸ್ ಕೂಡ ಮೇಲೆ ಹೋಗುತ್ತವೆ. ಚಕ್ರ ಮಾತ್ರ ನೆಲದ ಮೇಲೇ ಇರುತ್ತದೆ. ಶಾಫ್ಟ್ ಜಾಸ್ತಿ ಓರೆಯಾಗುತ್ತದೆ. ಸಿವಿ ಜಾಯಿಂಟ್, ಅಂದರೆ ಶಾಫ್ಟಿನ ತುದಿಯ ಕೀಲು, ಆ ಓರೆಯಲ್ಲೇ ದಿನವಿಡೀ ತಿರುಗಬೇಕು. ರಬ್ಬರ್ ಬೂಟ್ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ, ಗ್ರೀಸ್ ಹೊರಗೆ, ಮಣ್ಣು ಒಳಗೆ. ಆಮೇಲೆ ತಿರುವಿನಲ್ಲಿ ಕಟ ಕಟ ಸದ್ದು. ಲೋಯರ್ ಆರ್ಮ್ ಬುಷ್ (ಚಕ್ರ ಹಿಡಿಯುವ ಕೆಳಗಿನ ತೋಳಿನ ರಬ್ಬರ್) ಕೂಡ ತಿರುಚಿದ ಸ್ಥಿತಿಯಲ್ಲೇ ಇರುತ್ತದೆ, ಬೇಗ ಸೀಳುತ್ತದೆ. ಚಕ್ರ ತಿರುಗಲು ಬಿಡುವ ಕೀಲುಗಳಾದ ಬಾಲ್ ಜಾಯಿಂಟ್, ಟೈ ರಾಡ್ ಎಂಡ್‌ಗಳೂ ಓರೆಯಲ್ಲೇ ಕೆಲಸ ಮಾಡುತ್ತವೆ. ಟೋ, ಅಂದರೆ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಬದಲಾಗುತ್ತದೆ. ಅಲೈನ್‌ಮೆಂಟ್ ಮಾಡಿಸಿ ಆ ಕೋನ ಸರಿಪಡಿಸದೆ ಓಡಿಸಿದರೆ ಟೈರ್ ಒಂದು ಬದಿ ಬೋಳಾಗುತ್ತದೆ.

ಹಿಂದೆ ಬರೀ ಸ್ಪೇಸರ್ (ಸ್ಪ್ರಿಂಗಿನ ತುದಿಗೆ ಇಡುವ ದಪ್ಪ ತುಂಡು) ಇಟ್ಟು ಎತ್ತರಿಸಿದರೆ ಇನ್ನೊಂದು ತೊಂದರೆ. ಹಳೆಯ ಶಾಕ್ ಅಬ್ಸಾರ್ಬರಿನ ಉದ್ದ ಹಳೆಯ ಎತ್ತರಕ್ಕೆ ಲೆಕ್ಕ ಹಾಕಿದ್ದು. ಗಾಡಿ ಗುಂಡಿಗೆ ಇಳಿದಾಗ ಅದು ಪೂರ್ತಿ ಹಿಗ್ಗಿ ಕೊನೆ ಮುಟ್ಟಿ "ಟಕ್" ಅನ್ನುತ್ತದೆ. ಒಂದಷ್ಟು ದಿನಕ್ಕೆ ಎಣ್ಣೆ ಸೋರಲು ಶುರು.

ಗಟ್ಟಿ ಸ್ಪ್ರಿಂಗ್ ಹಾಕಿ ಹಳೆಯ ಶಾಕ್ಸ್ ಉಳಿಸಿಕೊಂಡರೆ ಗಾಡಿ ಕುಣಿಯುತ್ತದೆ. ಗಟ್ಟಿ ಸ್ಪ್ರಿಂಗ್ ಜೋರಾಗಿ ವಾಪಸ್ ಒದೆಯುತ್ತದೆ, ಹಳೆಯ ಶಾಕ್ ಅದನ್ನು ಹಿಡಿಯಲಾರದು. ಆದ್ದರಿಂದ ಎರಡೂ ಒಂದಕ್ಕೊಂದು ಹೊಂದುವ ಸೆಟ್ಟೇ ಬೇಕು.

ಸ್ಪ್ರಿಂಗ್ ಸುತ್ತುಗಳ ನಡುವೆ ತುರುಕುವ ಬಫರ್ ಇದೆಯಲ್ಲ, ಎರಡು ಸಾವಿರಕ್ಕೆ ಸಿಗುತ್ತದೆ ಅಂತ ಜನ ಹಾಕಿಸುತ್ತಾರೆ. ಅದು ಒಂದೆರಡು ಸುತ್ತುಗಳ ಕೆಲಸ ನಿಲ್ಲಿಸುತ್ತದೆ. ಉಳಿದ ಸುತ್ತುಗಳು ಆ ಭಾರ ಹೊರಬೇಕು. ಸ್ಪ್ರಿಂಗ್ ಮುರಿದರೆ ಅಲ್ಲೇ ಮುರಿಯುತ್ತದೆ, ಮೇಲಿನ ಮೌಂಟಿಂಗ್‌ಗೂ ಏಟು. ನಾನು ಹಾಕಿಕೊಡುವುದಿಲ್ಲ.

ಇನ್ನೊಂದು, ಯಾರೂ ಗಮನಿಸದ ವಿಷಯ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಸೆನ್ಸರಿನ ವೈರು ಮತ್ತು ಬ್ರೇಕ್ ಹೋಸ್ ಎರಡನ್ನೂ ಕಂಪನಿ ಸ್ಟ್ರಟ್ ಮೇಲಿನ ಚಿಕ್ಕ ಬ್ರಾಕೆಟ್‌ಗೆ ಸಿಕ್ಕಿಸಿರುತ್ತದೆ. ಹೊರಗಿನ ಸ್ಟ್ರಟ್‌ನಲ್ಲಿ ಆ ಬ್ರಾಕೆಟ್ ಇಲ್ಲದಿದ್ದರೆ ಕೆಲವರು ಜಿಪ್ ಟೈ ಕಟ್ಟಿ ಕಳಿಸುತ್ತಾರೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ವೈರು ಎಳೆದು ಒಂದು ದಿನ ಎಬಿಎಸ್ ಲೈಟ್ ಹತ್ತುತ್ತದೆ. ಆಗ ಸೆನ್ಸರ್ ಕ್ಲೇಮ್ ಕೊಡಿ ಎಂದರೆ ಡೀಲರ್ ಕೊಡುವುದಿಲ್ಲ. ಕೊಡಬೇಕಾಗಿಯೂ ಇಲ್ಲ.

---

ಮೂಡಿಗೆರೆ_ಕಾಫಿ

ಗ್ಯಾರೇಜ್ ಅಣ್ಣ, ತುಂಬ ಉಪಕಾರ ಆಯಿತು. ನಮ್ಮ ಗಾಡಿಯ ಮುಂದಿನ ಗಾಜಿನ ಹಿಂದೆ ಕ್ಯಾಮೆರಾ ಇದೆ, ಲೇನ್ ತಪ್ಪಿದರೆ ಎಚ್ಚರಿಸುತ್ತದೆ. ಅದಕ್ಕೂ ತೊಂದರೆಯೇ?

---

ಜೆಸಿರೋಡ್_ಗ್ಯಾರೇಜ್

ಹೌದು. ಮುಂಭಾಗ, ಹಿಂಭಾಗ ಒಂದೇ ಸಮ ಏರದೆ ಗಾಡಿ ಸ್ವಲ್ಪ ಹಿಂದಕ್ಕೋ ಮುಂದಕ್ಕೋ ವಾಲಿದರೆ ಕ್ಯಾಮೆರಾ ನೋಡುವ ಕೋನ ಬದಲಾಗುತ್ತದೆ. ಮತ್ತೆ ಕ್ಯಾಲಿಬ್ರೇಷನ್ ಮಾಡಿಸಬೇಕು, ಅಂದರೆ ಕ್ಯಾಮೆರಾವನ್ನು ಹೊಸ ಕೋನಕ್ಕೆ ಸೆಟ್ ಮಾಡಿಸಬೇಕು. ಅದನ್ನು ಹೆಚ್ಚಾಗಿ ಡೀಲರ್ ಹತ್ತಿರವೇ ಮಾಡಿಸಬೇಕಾಗುತ್ತದೆ. ಹೆಡ್‌ಲೈಟ್ ಕೂಡ ಇಳಿಸಿ ಸೆಟ್ ಮಾಡಿಸಿ, ಇಲ್ಲದಿದ್ದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಘಾಟಿಯಲ್ಲಿ ಅದು ಅಪಾಯ.

---

ಮೈಸೂರು_ವಕೀಲೆ

ಗ್ರಾಹಕ ಪ್ರಕರಣಗಳನ್ನು ನಡೆಸುತ್ತೇನೆ, ಹಾಗಾಗಿ ಕಾನೂನಿನ ಭಾಗ ನಾನು ಹೇಳುತ್ತೇನೆ. ವಾರಂಟಿ ಒಂದು ಕರಾರು. ಅದರಲ್ಲಿ ಬರೆದಿರುವುದೇ ಮೊದಲು. ಈ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಷರತ್ತು ಇರುತ್ತದೆ. ಮೊದಲನೆಯದರ ಪ್ರಕಾರ ಕಂಪನಿ ಒಪ್ಪದ ಭಾಗದಿಂದ ಅಥವಾ ಮಾರ್ಪಾಡಿನಿಂದ ಆದ ಹಾನಿಗೆ ವಾರಂಟಿ ಇಲ್ಲ. ಎರಡನೆಯದರ ಪ್ರಕಾರ ಮಾರ್ಪಾಡು ಮಾಡಿದ ವಾಹನಕ್ಕೇ ವಾರಂಟಿ ಇಲ್ಲ. ಮೊದಲನೆಯದು ಇದ್ದರೆ ನಿಮ್ಮ ಎಸಿ, ಇಂಜಿನ್ ವಾರಂಟಿಗೆ ಏನೂ ಆಗುವುದಿಲ್ಲ. ಎರಡನೆಯದು ಇದ್ದರೆ ಕಂಪನಿ ಅದನ್ನು ಹಿಡಿದು ವಾದಿಸುತ್ತದೆ, ನೀವು ಹೋರಾಡಬೇಕಾಗುತ್ತದೆ.

ಹೋರಾಡಲು ಆಧಾರ ಇದೆ. 2014ರ ಆಗಸ್ಟ್‌ನಲ್ಲಿ ಭಾರತದ ಸ್ಪರ್ಧಾ ಆಯೋಗ (ಕಂಪನಿಗಳು ಪೈಪೋಟಿ ತಡೆಯದಂತೆ ನೋಡುವ ಸಂಸ್ಥೆ) 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆ ಎಂಬುದು ಆ ಪ್ರಕರಣ. ಅದೇ ಆದೇಶದಲ್ಲಿ ವಾರಂಟಿ ಬಗ್ಗೆಯೂ ಒಂದು ನಿರ್ದೇಶನ ಇದೆ. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಎಂಬ ಷರತ್ತು ಹಾಕುವಂತಿಲ್ಲ. ಹೊರಗಿನ ಕೆಲಸದಲ್ಲಿ ದೋಷವಿದ್ದು ಹಾನಿ ಆಗಿದ್ದರೆ ಆ ಹಾನಿಯ ಮಟ್ಟಿಗೆ ಮಾತ್ರ ರದ್ದು ಮಾಡಬಹುದು. ಕಂಪನಿಗಳು ಆದೇಶದ ವಿರುದ್ಧ ಮೇಲ್ಮನವಿಗೆ ಹೋದವು ಎಂಬುದೂ ನೆನಪಿರಲಿ.

ಒಂದು ಎಚ್ಚರಿಕೆ. ಆ ಆದೇಶ ಹೊರಗಿನ ರಿಪೇರಿ ಬಗ್ಗೆ, ಗಾಡಿಯ ವಿನ್ಯಾಸ ಬದಲಿಸುವುದರ ಬಗ್ಗೆ ಅಲ್ಲ. ಒಂದೂವರೆ ಇಂಚು ಎತ್ತರಿಸಿ ಅದನ್ನು ತೋರಿಸಿದರೆ ಎದುರಿನ ವಕೀಲರು ಕೂಡಲೇ ಈ ವ್ಯತ್ಯಾಸ ಎತ್ತುತ್ತಾರೆ. ಕಂಪನಿಯ ಅಳತೆಯದೇ ಶಾಕ್ ಅಬ್ಸಾರ್ಬರ್ ಹೊರಗೆ ಹಾಕಿಸಿದ್ದರೆ ನಿಮ್ಮ ವಾದ ತುಂಬ ಗಟ್ಟಿ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಿಮಗೆ ಅನುಕೂಲ ಜಾಸ್ತಿ. ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮೂಡಿಗೆರೆಯವರು ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ ಸಾಕು, ಕಂಪನಿಯ ಕಚೇರಿ ಇರುವ ಊರಿಗೆ ಅಲೆಯಬೇಕಿಲ್ಲ. ತಕರಾರು ಹುಟ್ಟಿದ 2 ವರ್ಷದೊಳಗೆ ಕೊಡಬೇಕು. ವಕೀಲರು ಇಲ್ಲದೆ ನೀವೇ ವಾದಿಸಬಹುದು. ಅದಕ್ಕೂ ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ದೂರು ದಾಖಲಿಸಿ. ಎಷ್ಟೋ ಪ್ರಕರಣ ಅಲ್ಲೇ ಮುಗಿಯುತ್ತವೆ.

ಆದರೆ ಆಯೋಗದ ಮುಂದೆ "ಸ್ಪ್ರಿಂಗಿಗೂ ಇದಕ್ಕೂ ಸಂಬಂಧ ಇಲ್ಲ" ಎಂದು ಬಾಯಲ್ಲಿ ಹೇಳಿದರೆ ಸಾಲದು. ತಜ್ಞರ ವರದಿ, ಬಿಲ್ಲು, ಅಲೈನ್‌ಮೆಂಟ್ ಹಾಳೆ, ಡೀಲರ್ ಬರೆದುಕೊಟ್ಟ ನಿರಾಕರಣೆ ಬೇಕು. ಆ ನಿರಾಕರಣೆಯ ಪತ್ರವೇ ಇಲ್ಲದೆ ನನ್ನ ಹತ್ತಿರ ಬರುವವರೇ ಹೆಚ್ಚು.

---

ಫ್ರೀಮಾಂಟ್_ಕನ್ನಡಿಗ

ಅಮೆರಿಕದಲ್ಲಿ ಈ ವಿಷಯಕ್ಕೇ ಕಾಯ್ದೆ ಇದೆ. 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆ. ನಮ್ಮ ಬ್ರ್ಯಾಂಡಿನ ಭಾಗವನ್ನೇ ಹಾಕಬೇಕು, ಇಲ್ಲದಿದ್ದರೆ ವಾರಂಟಿ ಇಲ್ಲ ಎಂದು ಕಂಪನಿ ಷರತ್ತು ಹಾಕುವಂತಿಲ್ಲ. ಹೊರಗಿನ ಭಾಗದಿಂದಲೇ ಹಾನಿ ಆಯಿತು ಎಂದು ಕಂಪನಿಯೇ ತೋರಿಸಬೇಕು. 2018ರಲ್ಲಿ ಗ್ರಾಹಕರ ಹಿತ ಕಾಯುವ ಇಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಆರು ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತು. 2022ರಲ್ಲಿ ಹಾರ್ಲೆ-ಡೇವಿಡ್‌ಸನ್ ವಿರುದ್ಧ ಇದೇ ಕಾರಣಕ್ಕೆ ಕ್ರಮ ತೆಗೆದುಕೊಂಡಿತು.

ಇಲ್ಲಿಯೂ ಎತ್ತರಿಸಿದ ಪಿಕಪ್ ತಂದು ಸಿವಿ ಜಾಯಿಂಟ್ ಕ್ಲೇಮ್ ಕೇಳಿದರೆ ಡೀಲರ್ ಇಲ್ಲ ಎನ್ನುತ್ತಾನೆ. ಆದರೆ ರೇಡಿಯೊ ಕೆಟ್ಟರೆ ಕೊಡುತ್ತಾನೆ.

---

ತುಮಕೂರು_ಟರ್ಬೊ

ಹಾಗಾದರೆ ಆ ಕಾಯ್ದೆಯ ಹೆಸರು ಹೇಳಿ ಇಲ್ಲಿನ ಡೀಲರಿಗೆ ಇಮೇಲ್ ಹಾಕಿದರೆ?

---

ಮೈಸೂರು_ವಕೀಲೆ

ಬೇಡ. ಅಮೆರಿಕದ ಕಾಯ್ದೆ ಇಲ್ಲಿ ನಡೆಯುವುದಿಲ್ಲ. ಅಂತರ್ಜಾಲದಲ್ಲಿ ಓದಿದ್ದನ್ನು ಹಾಗೇ ಬರೆದಿದ್ದಾರೆ ಎಂದು ಅವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ನಮ್ಮ ವಾರಂಟಿ ಪುಸ್ತಕದ ಷರತ್ತು, ನಮ್ಮ 2019ರ ಕಾಯ್ದೆ, ಇಷ್ಟೇ ಬರೆಯಿರಿ.

---

ಹುಬ್ಬಳ್ಳಿ_ಸವಾರಿ

ನಮ್ಮಲ್ಲಿ ಆಗಿದ್ದು ಹೇಳತೀನಿ ಕೇಳ್ರೀ. ಹಿಂದಿನ ಎರಡೂ ಶಾಕ್ಸ್ ಸೋರಿದವು. ಡೀಲರ್ "ಇದು ಸವೆಯುವ ಭಾಗ, ವಾರಂಟಿಯಲ್ಲಿ ಬರಲ್ಲ" ಎಂದರು. ಅವರು ಹೇಳಿದ ಬೆಲೆ ಜಾಸ್ತಿ ಅನ್ನಿಸಿತು. ಹೊರಗೆ ಹೆಸರಾಂತ ಕಂಪನಿಯ ಅದೇ ಅಳತೆಯ ಶಾಕ್ಸ್ ಹಾಕಿಸಿದೆ, ಎತ್ತರ ಬದಲಿಲ್ಲ.

ಕೆಲ ತಿಂಗಳಾದ ಮೇಲೆ ಎಸಿ ಕಂಪ್ರೆಸರ್ ಕೆಟ್ಟಿತು. ಅದೇ ಡೀಲರ್ ಗಾಡಿ ಎತ್ತಿ ನೋಡಿ, ಹೊರಗಿನ ಶಾಕ್ಸ್ ಇವೆ, ವಾರಂಟಿ ಇಲ್ಲ ಎಂದರು. ನಾನು ಜಗಳ ಮಾಡಲಿಲ್ಲ. "ಸರಿ, ಜಾಬ್ ಕಾರ್ಡಿನ ಮೇಲೆ ಬರೆದುಕೊಡ್ರಿ: ಶಾಕ್ ಅಬ್ಸಾರ್ಬರ್ ಬದಲಾಯಿಸಿದ್ದರಿಂದ ಎಸಿ ಕಂಪ್ರೆಸರ್ ಕೆಟ್ಟಿದೆ, ವಾರಂಟಿಯ ಇಂಥ ಷರತ್ತಿನ ಪ್ರಕಾರ ಕೊಡುವುದಿಲ್ಲ, ಕೆಳಗೆ ಸಹಿ" ಎಂದೆ. ಅಡ್ವೈಸರ್ ಮ್ಯಾನೇಜರ್ ಹತ್ತಿರ ಹೋದರು. ಮ್ಯಾನೇಜರ್ ಬರೆಯಲು ಒಪ್ಪಲಿಲ್ಲ. ಅಲ್ಲೇ ಕೂತು ಕಂಪನಿಯ ಗ್ರಾಹಕ ಸೇವೆಗೆ ಇಮೇಲ್ ಹಾಕಿದೆ. ಫೋಟೊ, ಶಾಕ್ಸ್ ಬಿಲ್ಲು, ಗಾಡಿಯ ಚಾಸಿ ನಂಬರ್ ಎಲ್ಲ ಕಳಿಸಿದೆ. ಕಂಪನಿಯ ಏರಿಯಾ ಮ್ಯಾನೇಜರ್ ಫೋನ್ ಮಾಡಿ ಕಂಪ್ರೆಸರ್ ಹಾಕಿಸಿಕೊಟ್ಟರು. ಒಂದು ರೂಪಾಯಿ ತಗೊಳ್ಳಲಿಲ್ಲ.

---

ವರ್ಕ್‌ಶಾಪ್_ಹಳಬ

ಇದೇ ಸರಿಯಾದ ದಾರಿ. ಬರೆದುಕೊಡಿ ಎಂದಾಗ ಅವರು ಕಾರಣ ಹೇಳಬೇಕಾಗುತ್ತದೆ. ಇಲ್ಲದ ಕಾರಣ ಬರೆಯಲು ಯಾರೂ ಸಹಿ ಹಾಕುವುದಿಲ್ಲ.

---

ಸಕಲೇಶಪುರ_4x4

ಹುಬ್ಬಳ್ಳಿಯವರ ಅನುಭವ ಓದಿ ಎಲ್ಲರೂ ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ಹಾಕಿಸಲು ಓಡಬೇಡಿ. ನನ್ನ 4x4 ಎರಡು ಇಂಚು ಎತ್ತರಿಸಿದ್ದು, ಟೈರ್ ಕೂಡ ದೊಡ್ಡದು. ಮುಂದಿನ ವೀಲ್ ಬೇರಿಂಗ್ ಹೋಯಿತು. ಆಮೇಲೆ ಡ್ರೈವ್ ಶಾಫ್ಟ್. ಎರಡಕ್ಕೂ ಡೀಲರ್ ಇಲ್ಲ ಎಂದರು, ಬರೆದೂ ಕೊಟ್ಟರು. ಅವರು ಹೇಳಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆ ಖರ್ಚು ನನ್ನದು ಎಂದು ತಿಳಿದೇ ಹಾಕಿಸಿದ್ದು. ಹೊಳೆ ದಾಟಿ, ಕೆಸರಿನಲ್ಲಿ ಓಡಿಸುವವರಿಗೆ ಎತ್ತರ ಬೇಕೇ ಬೇಕು.

ಗಾಡಿ ಗಾಡಿಗೆ ವ್ಯತ್ಯಾಸ ಇದೆ. 2020ರ ಥಾರ್‌ನಲ್ಲಿ ಮುಂದಿನ ಚಕ್ರಗಳು ಬೇರೆ ಬೇರೆ ಆಡುತ್ತವೆ, ಹಿಂದೆ ಇಡೀ ಆಕ್ಸಲ್. ಅಲ್ಲಿ ಎತ್ತರಿಸಿದರೆ ಮುಂದಿನ ಸಿವಿ ಜಾಯಿಂಟ್ ಓರೆಯಾಗುತ್ತದೆ. 2023ರಲ್ಲಿ ಬಂದ ಜಿಮ್ನಿಯಲ್ಲಿ ಮುಂದೆ ಹಿಂದೆ ಎರಡೂ ಇಡೀ ಆಕ್ಸಲ್. ಅಲ್ಲಿ ಆಕ್ಸಲ್ ಚಕ್ರದ ಜೊತೆಗೇ ಇರುವುದರಿಂದ ಒಳಗಿನ ಶಾಫ್ಟ್ ಓರೆಯಾಗುವುದಿಲ್ಲ. ಬದಲಿಗೆ ಆಕ್ಸಲ್‌ಗೆ ಶಕ್ತಿ ಒಯ್ಯುವ ಉದ್ದದ ಪ್ರೊಪೆಲ್ಲರ್ ಶಾಫ್ಟ್ ಓರೆಯಾಗುತ್ತದೆ. ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಪ್ಯಾನಾರ್ಡ್ ರಾಡ್ ಈಗ ಆಕ್ಸಲನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ, ಕ್ಯಾಸ್ಟರ್ (ಸ್ಟಿಯರಿಂಗ್ ನೇರವಾಗಿ ಇರಿಸುವ ಕೋನ) ಕಡಿಮೆಯಾಗಿ ಸ್ಟಿಯರಿಂಗ್ ಸಡಿಲ ಅನ್ನಿಸುತ್ತದೆ. ನಿಮ್ಮ ಗಾಡಿಯಲ್ಲಿ ಯಾವ ಭಾಗದ ವಾರಂಟಿ ಬಿಟ್ಟುಕೊಡುತ್ತೀರಿ ಎನ್ನುವುದು ಇದರ ಮೇಲೆ ಇದೆ.

---

ಮೈಸೂರು_ವಕೀಲೆ

ಎತ್ತರಿಸುವವರಿಗೆ ಇನ್ನೆರಡು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ ಎಂದು ಬಂದಿದೆ.

ವಿಮೆ ಇನ್ನೂ ದೊಡ್ಡ ವಿಷಯ. ವಿಮಾ ಕಂಪನಿಗೆ ಹೇಳದೆ ಸಸ್ಪೆನ್ಷನ್ ಬದಲಿಸಿ, ಅಪಘಾತವಾದ ಮೇಲೆ ಸರ್ವೇಯರ್ ಅದನ್ನು ನೋಡಿದರೆ ಕ್ಲೇಮಿಗೆ ತಕರಾರು ಬರುತ್ತದೆ. ಒಂದು ಬೇರಿಂಗ್ ವಾರಂಟಿ ಹೋದರೆ ಸಾವಿರಗಳಲ್ಲಿ ನಷ್ಟ. ವಿಮೆ ಹೋದರೆ ಲಕ್ಷಗಳಲ್ಲಿ. ಬರವಣಿಗೆಯಲ್ಲಿ ತಿಳಿಸಿ, ಉತ್ತರ ಇಟ್ಟುಕೊಳ್ಳಿ.

ದುಡ್ಡು ಕೊಟ್ಟು ಮುಂದುವರಿಸಿದ ಎಕ್ಸ್‌ಟೆಂಡೆಡ್ ವಾರಂಟಿ ಇದ್ದರೆ ಅದರ ಷರತ್ತು ಬೇರೆಯೇ ಇರಬಹುದು. ಅದನ್ನೂ ಓದಿ.

---

ಮೂಡಿಗೆರೆ_ಕಾಫಿ

ಪುಸ್ತಕ ಓದಿದೆ. ಮೇಡಂ ಹೇಳಿದ ಮೊದಲನೇ ಬಗೆಯ ಷರತ್ತೇ ಇದೆ. ಕಂಪನಿ ಒಪ್ಪದ ಭಾಗ ಹಾಕಿದ್ದರಿಂದ ಆದ ಹಾನಿಗೆ ವಾರಂಟಿ ಇಲ್ಲ ಎಂದಷ್ಟೇ ಬರೆದಿದ್ದಾರೆ. ಗಾಡಿಯ ವಾರಂಟಿಯೇ ಹೋಗುತ್ತದೆ ಎಂದು ಎಲ್ಲಿಯೂ ಇಲ್ಲ. ಅಷ್ಟು ದಿನ ಆ ಪುಸ್ತಕ ಗಾಡಿಯಲ್ಲೇ ಇತ್ತು, ಕೌಂಟರಿನಲ್ಲಿ ಇದ್ದವರಿಗೂ ಗೊತ್ತಿರಬೇಕಿತ್ತು. ಬೇಸರ ಆಗುತ್ತದೆ.

ಡೀಲರಿಗೂ ಕಂಪನಿಗೂ ಒಟ್ಟಿಗೆ ಇಮೇಲ್ ಹಾಕಿದೆ. ಮೂಲ ಎತ್ತರ ಬದಲಿಸದೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಬದಲಿಸಿದರೆ ಯಾವ ಯಾವ ಭಾಗದ ವಾರಂಟಿ ಹೋಗುತ್ತದೆ, ಯಾವ ಷರತ್ತಿನ ಪ್ರಕಾರ, ಎಂದು ಕೇಳಿದ್ದೆ. ಕಂಪನಿಯಿಂದ ಉತ್ತರ ಬಂತು. ಬದಲಿಸಿದ ಭಾಗಗಳಿಗೆ, ಅವುಗಳಿಂದ ಹಾನಿಯಾದ ಸಸ್ಪೆನ್ಷನ್, ಸ್ಟಿಯರಿಂಗ್ ಭಾಗಗಳಿಗೆ ವಾರಂಟಿ ಇರುವುದಿಲ್ಲ, ಉಳಿದದ್ದು ಮೊದಲಿನಂತೆಯೇ ಎಂದಿದ್ದಾರೆ. ಪ್ರಿಂಟ್ ತೆಗೆದು ಪುಸ್ತಕದ ಒಳಗೇ ಇಟ್ಟಿದ್ದೇನೆ.

ಎತ್ತರಿಸುವ ಯೋಚನೆ ಬಿಟ್ಟೆ. ಸಿವಿ ಜಾಯಿಂಟ್, ಕ್ಯಾಮೆರಾ, ಆರ್‌ಸಿ, ವಿಮೆ ಎಲ್ಲ ತಲೆನೋವು ಬೇಡ. ಮೂಲ ಎತ್ತರದಲ್ಲೇ, ಒಂದಕ್ಕೊಂದು ಹೊಂದುವ ಸ್ಪ್ರಿಂಗ್ ಮತ್ತು ಶಾಕ್ಸ್ ಸೆಟ್ ಹಾಕಿಸುತ್ತೇನೆ. ಗ್ಯಾರೇಜ್ ಅಣ್ಣ, ಬಿಲ್ಲಿನಲ್ಲಿ ಏನೇನು ಬರೆಸಬೇಕು?

---

ಜೆಸಿರೋಡ್_ಗ್ಯಾರೇಜ್

ಭಾಗದ ಹೆಸರು, ಪಾರ್ಟ್ ನಂಬರ್, ಹಾಕಿದ ದಿನದ ಕಿಲೋಮೀಟರ್. ಹಾಕುವ ಮೊದಲು ಒಂದು, ಹಾಕಿದ ಮೇಲೆ ಒಂದು ಅಲೈನ್‌ಮೆಂಟ್ ಪ್ರಿಂಟ್ ತಗೊಳ್ಳಿ. ನಾಲ್ಕೂ ಚಕ್ರದ ಮಧ್ಯದಿಂದ ಮೇಲಿನ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಅಳತೆಯ ಫೋಟೊ ತೆಗೆಯಿರಿ, ಮೊದಲು ಮತ್ತು ಆಮೇಲೆ. ಎತ್ತರ ಬದಲಾಗಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ. ಮೇಲಿನ ಮೌಂಟಿಂಗ್, ಬಂಪ್ ಸ್ಟಾಪ್ ಹಳೆಯದನ್ನೇ ಹಾಕಲು ಬಿಡಬೇಡಿ, ಹೊಸದು ಹಾಕಿಸಿ. ಎಬಿಎಸ್ ವೈರಿನ ಬ್ರಾಕೆಟ್ ಸ್ಟ್ರಟ್ ಮೇಲೆ ಇದೆಯೇ ಎಂದು ಡಬ್ಬ ತೆರೆದಾಗಲೇ ನೋಡಿ. ಲೋಯರ್ ಆರ್ಮ್ ಬುಷ್ ಬೋಲ್ಟುಗಳನ್ನು ಗಾಡಿ ನೆಲದ ಮೇಲೆ ಭಾರ ಹೊತ್ತು ನಿಂತಾಗಲೇ ಬಿಗಿಯಬೇಕು. ಲಿಫ್ಟ್ ಮೇಲೆ ತೂಗಾಡುವಾಗ ಬಿಗಿದರೆ ಬುಷ್ ತಿರುಚಿಕೊಳ್ಳುತ್ತದೆ.

ಅದಕ್ಕಿಂತ ಮೊದಲು ಒಂದು ಕೆಲಸ. ಡ್ರೈವರ್ ಬಾಗಿಲಿನ ಹತ್ತಿರ ಸ್ಟಿಕ್ಕರಿನಲ್ಲಿ ಫುಲ್ ಲೋಡ್‌ಗೆ ಟೈರ್ ಗಾಳಿ ಎಷ್ಟು ಎಂದು ಬರೆದಿರುತ್ತದೆ. ಐದು ಜನ ಹೊರಟಾಗ ಹಿಂದೆ ಅಷ್ಟು ತುಂಬಿಸಿ ಓಡಿಸಿ ನೋಡಿ. ಓಲಾಟ ಸ್ವಲ್ಪ ಕಡಿಮೆಯಾಗುತ್ತದೆ.

---

ಮೂಡಿಗೆರೆ_ಕಾಫಿ

ಗಾಳಿ ನೋಡಿದೆ. ಸ್ಟಿಕ್ಕರಿನಲ್ಲಿ ಇರುವುದಕ್ಕಿಂತ ಕಡಿಮೆಯೇ ಇತ್ತು, ಈಗ ತುಂಬಿಸಿದ್ದೇನೆ. ತಿರುವಿನಲ್ಲಿ ಪರವಾಗಿಲ್ಲ, ಆದರೆ ತೋಟದ ದಾರಿಯಲ್ಲಿ ಬಡಿಯುವುದು ಹಾಗೇ ಇದೆ. ವಿಮಾ ಕಂಪನಿಗೂ ಇಮೇಲ್ ಹಾಕಿದ್ದೇನೆ. ಅವರ ಉತ್ತರ ಬಂದ ಮೇಲೆ ಬೆಂಗಳೂರಿಗೆ ಬರುತ್ತೇನೆ. ಹಳೆಯ ಸೆಟ್ ಎಸೆಯಬೇಕೇ, ಇಟ್ಟುಕೊಳ್ಳಬೇಕೇ?

---

ವರ್ಕ್‌ಶಾಪ್_ಹಳಬ

ಇಟ್ಟುಕೊಳ್ಳಿ ಸರ್. ಎಡ, ಬಲ ಎಂದು ಟ್ಯಾಗ್ ಕಟ್ಟಿ, ಶಾಕ್ಸ್ ನೆಟ್ಟಗೆ ನಿಲ್ಲಿಸಿಡಿ. ಮುಂದೆ ಗಾಡಿ ಮಾರುವಾಗ ಕೊಳ್ಳುವವರು ಮೂಲ ಭಾಗ ಕೇಳಿದರೆ ಕೊಡಬಹುದು. ಮುಂದಿನ ಸರ್ವಿಸ್‌ಗೆ ಬಿಟ್ಟಾಗ ನೀವೇ ಅಡ್ವೈಸರಿಗೆ ಹೇಳಿ, ಜಾಬ್ ಕಾರ್ಡಿನಲ್ಲಿ ಬರೆಸಿ. ಕಂಪನಿಯ ಇಮೇಲಿನ ಒಂದು ಪ್ರತಿಯನ್ನು ಅದಕ್ಕೆ ಪಿನ್ ಮಾಡಿಸಿ.